ಲೆಕ್ಕ ಕೇಳೋಕೆ ಮೈಸೂರಿಗೆ ಹೋದವರು

2024ರ ಜೂನ್ ತಿಂಗಳ ಒಂದು ಸೋಮವಾರ. ಮಧ್ಯಾಹ್ನದ ಕಾಲ್ ಶುರುವಾಗೋ ಮುಂಚೆ, ಎಲ್ಲರೂ ಸೇರೋತನಕ ಎರಡು ನಿಮಿಷ ಹರಟೆ ಹೊಡೆಯೋದು ನಮ್ಮ ಟೀಮಿನ ಅಭ್ಯಾಸ. ಅವತ್ತು ಜರ್ಮನಿಯಲ್ಲಿರೋ ಸಹೋದ್ಯೋಗಿ ಒಬ್ಬ ಖುಷಿಯಲ್ಲಿದ್ದ. ಹಿಂದಿನ ದಿನ ಅವನ ತಂಗಿ ಜೀವನದಲ್ಲಿ ಮೊದಲ ಸಲ ಓಟು ಹಾಕಿದ್ದಳು, ಯುರೋಪಿಯನ್ ಪಾರ್ಲಿಮೆಂಟಿಗೆ. ಅವಳಿಗಿನ್ನೂ ಹದಿನಾರು ವರ್ಷ. ಆ ಚುನಾವಣೆಗೆ ಜರ್ಮನಿ ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸಿದ ಮೇಲೆ ಬಂದ ಮೊದಲ ಚುನಾವಣೆ ಅದು. ಕಾನೂನಿನ ಕರಡು ಯಾರು ಮಾಡ್ತಾರೆ, ಪಾಸು ಯಾರು ಮಾಡ್ತಾರೆ ಅಂತ ಶಾಲೆಯಲ್ಲಿ ಚಾರ್ಟ್ ಬರೆಸಿದ್ದರಂತೆ. ಅದು ಇನ್ನೂ ಅವರ ಮನೆ ಫ್ರಿಜ್ ಮೇಲೆ ಅಂಟಿಕೊಂಡಿದೆಯಂತೆ.

"ನಿಮ್ಮ ದೊಡ್ಡ ಎಲೆಕ್ಷನ್ ಮುಗೀತಲ್ಲ" ಅಂದ. "ಅದಿರಲಿ, ನಿನ್ನ ಏರಿಯಾದ ಕೌನ್ಸಿಲರ್ ಯಾರು?"

ನಾನು ನೆಟ್‌ವರ್ಕ್ ಸರಿ ಇಲ್ಲ ಅನ್ನೋ ಥರ ಮುಖ ಮಾಡಿ ಪಕ್ಕದ ಟ್ಯಾಬ್‌ನಲ್ಲಿ ಹುಡುಕಿದೆ. ಉತ್ತರ ಸಿಕ್ಕಿತು: ಯಾರೂ ಇಲ್ಲ. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಆಮೇಲೆ ಚುನಾವಣೆಯೇ ನಡೆದಿರಲಿಲ್ಲ. ಹತ್ತಿರ ಹತ್ತಿರ ನಾಲ್ಕು ವರ್ಷದಿಂದ ನನ್ನ ವಾರ್ಡಿಗೆ ಕೌನ್ಸಿಲರ್ ಇರಲಿಲ್ಲ, ಅದು ನನಗೆ ಗೊತ್ತೂ ಇರಲಿಲ್ಲ.

ಅವನಿಗೆ ಹೇಳದೆ ಬಿಟ್ಟ ಇನ್ನೊಂದು ವಿಷಯ ಇದೆ. ಇದ್ದಿದ್ದರೂ ನಾನು ಆ ಚುನಾವಣೆಗೆ ಓಟು ಹಾಕ್ತಿರಲಿಲ್ಲ. ನನ್ನ ಹೆಸರು ಇದ್ದದ್ದು ಊರಿನ ಮತದಾರರ ಪಟ್ಟಿಯಲ್ಲಿ. ಊರು ಅಂದ್ರೆ ದುದ್ದದ ಹತ್ತಿರ ಒಂದು ಸಣ್ಣ ಹಳ್ಳಿ. ದುದ್ದ ಹಾಸನ ತಾಲ್ಲೂಕಿನ ಹೋಬಳಿ ಕೇಂದ್ರ, ಹಾಸನದಿಂದ ಅರಸೀಕೆರೆ ಕಡೆಗೆ ಹೋಗೋ ದಾರಿಯಲ್ಲಿ ಸಿಗುತ್ತೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಈ ಹದಿನಾಲ್ಕು ವರ್ಷದಲ್ಲಿ ಬೆಂಗಳೂರಿನ ನೀರು ಕುಡಿದಿದ್ದೀನಿ, ರಸ್ತೆಗುಂಡಿಗೆ ಬೈದಿದ್ದೀನಿ, ಇಲ್ಲಿ ಒಂದೇ ಒಂದು ಓಟು ಹಾಕಿಲ್ಲ. ಊರಲ್ಲಿ ಓಟಿದೆ, ನಾನಿಲ್ಲ. ಇಲ್ಲಿ ನಾನಿದ್ದೀನಿ, ಓಟಿಲ್ಲ. ನಿಮ್ಮಲ್ಲಿ ಎಷ್ಟು ಜನ ಇದೇ ಥರ ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀರೋ ಗೊತ್ತಿಲ್ಲ. ಕಮ್ಮಿಯಂತೂ ಇರಲಾರಿರಿ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆಯ ಜನ ಇಂಥ ಸಭೆಗಳಿಗೆ ಹೋಗೋಕೆ ಶುರು ಮಾಡಿದ್ದು ಯಾವಾಗ ಅಂತ ಓದ್ತಾ ಕೂತೆ. ಹಾಗೆ ಹೋಗ್ತಾ ಹೋಗ್ತಾ ಸಿಕ್ಕಿದ್ದು 1881ರ ದಸರಾ.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ನೋಡಿ. 1831ರಿಂದ ಐವತ್ತು ವರ್ಷ ಮೈಸೂರು ರಾಜ್ಯವನ್ನ ಬ್ರಿಟಿಷ್ ಕಮಿಷನರುಗಳು ಆಳಿದ್ದರು. ಅದರ ಕೊನೆಯ ವರ್ಷಗಳಲ್ಲೇ ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಬಂತು. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟು ಲಕ್ಷ ಕುಸಿದಿತ್ತು. ಬೊಕ್ಕಸದ ಮೇಲೆ ಸುಮಾರು 80 ಲಕ್ಷ ರೂಪಾಯಿ ಬರದ ಸಾಲ ಕೂತಿತ್ತು. ಇಂಥ ಹೊತ್ತಲ್ಲಿ, 1881ರ ಮಾರ್ಚ್ 25ರಂದು, ರಾಜ್ಯವನ್ನ ಒಡೆಯರ ಮನೆತನಕ್ಕೆ ವಾಪಸ್ ಕೊಟ್ಟರು. ಪಟ್ಟಕ್ಕೆ ಕೂತ ಚಾಮರಾಜೇಂದ್ರ ಒಡೆಯರಿಗೆ ಆಗ ಹದಿನೆಂಟು ವರ್ಷ. ದಿವಾನರಾಗಿ ಬಂದವರು ಸಿ. ರಂಗಾಚಾರ್ಲು.

ದಿವಾನರ ಕೈಲಿದ್ದದ್ದು ಬರ ಮುರಿದ ರಾಜ್ಯ, ಸಾಲದ ಪುಸ್ತಕ, ಎಳೇ ವಯಸ್ಸಿನ ಮಹಾರಾಜ. ಇದನ್ನಿಟ್ಟುಕೊಂಡು ಅವರು ಆರು ತಿಂಗಳೊಳಗೆ ಒಂದು ವಿಚಿತ್ರವಾದ ಆದೇಶ ಹೊರಡಿಸಿದರು. ಆಗಸ್ಟ್ 25ರ ಆದೇಶ ಅದು. ಪ್ರತಿ ತಾಲ್ಲೂಕಿನಿಂದ ಒಬ್ಬರೋ ಇಬ್ಬರೋ ರೈತರು, ಪ್ರತಿ ಜಿಲ್ಲೆಯಿಂದ ಮೂರ್ನಾಲ್ಕು ಜನ ವರ್ತಕರು ದಸರಾ ಹೊತ್ತಿಗೆ ಮೈಸೂರಿಗೆ ಬರಬೇಕು. ಕಳೆದ ವರ್ಷ ಸರ್ಕಾರ ಏನು ಮಾಡಿತು, ಮುಂದೆ ಏನು ಮಾಡೋದಿದೆ ಅಂತ ಅವರ ಮುಂದೆ ಹೇಳಲಾಗುತ್ತೆ. ಅವರೂ ತಮ್ಮ ಕಡೆಯ ಮಾತು ಹೇಳಬಹುದು. ಇದೇ ಮೈಸೂರು ಪ್ರಜಾಪ್ರತಿನಿಧಿ ಸಭೆ. ಮೊದಲ ಸಭೆ ಸೇರಿದ್ದು 1881ರ ಅಕ್ಟೋಬರ್ 7ರಂದು, 144 ಜನ.

ನಮ್ಮ ತಾಲ್ಲೂಕಿಂದ ಹೋದವರು ಹೇಗೆ ಹೋಗಿರಬೇಕು ಅಂತ ಯೋಚನೆ ಮಾಡಿದೆ. ಹಾಸನಕ್ಕೆ ರೈಲು ಬರೋದು ಇನ್ನೂ ದಶಕಗಳ ಮಾತು. ಹೊಳೆನರಸೀಪುರದ ಮೇಲೆ ಹಾದು ಮೈಸೂರು ಮುಟ್ಟೋಕೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಎತ್ತಿನ ಗಾಡಿ ಲೆಕ್ಕದಲ್ಲಿ ಹೋಗೋಕೇ ಮೂರ್ನಾಲ್ಕು ದಿನ, ಬರೋಕೆ ಅಷ್ಟೇ. ಅಕ್ಟೋಬರ್ ಅಂದ್ರೆ ಹೊಲದಲ್ಲಿ ರಾಗಿ ತೆನೆ ಕಟ್ಟೋ ಕಾಲ. ಹಕ್ಕಿ ಕಾಯೋರು ಬೇಕು, ದನ ನುಗ್ಗದ ಹಾಗೆ ನೋಡೋರು ಬೇಕು. ಅಂಥ ಹೊತ್ತಲ್ಲಿ ಮನೆ ಯಜಮಾನ ಹತ್ತು ಹದಿನೈದು ದಿನ ಊರು ಬಿಡೋದು ಅಂದ್ರೆ ಸುಮ್ಮನೆ ಮಾತಲ್ಲ.

ಇಷ್ಟು ಕಷ್ಟಪಟ್ಟು ಹೋದವರಿಗೆ ಅಲ್ಲಿದ್ದ ಅಧಿಕಾರ ಏನು? ಏನೂ ಇಲ್ಲ. ಕಾನೂನು ಮಾಡೋ ಹಾಗಿಲ್ಲ, ಬಜೆಟ್ಟಿಗೆ ಓಟು ಹಾಕೋ ಹಾಗಿಲ್ಲ, ಒಂದು ರೂಪಾಯಿ ಖರ್ಚನ್ನೂ ತಡೆಯೋ ಹಾಗಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅವರಿಗಿದ್ದದ್ದು ರೀಡ್-ಓನ್ಲಿ ಆಕ್ಸೆಸ್, ಜೊತೆಗೆ ಟಿಕೆಟ್ ರೈಸ್ ಮಾಡೋ ಅವಕಾಶ. ಅಷ್ಟೇ. ಆದರೂ ಹೋದರು. ಕೆಲವರು ದಸರಾ ದರ್ಬಾರು ನೋಡೋ ಆಸೆಗೆ, ಕೆಲವರು ಊರಲ್ಲಿ ಮರ್ಯಾದೆ ಹೆಚ್ಚುತ್ತೆ ಅಂತ, ಕೆಲವರು ಸರ್ಕಾರದ ಕರೆ ಮೀರಬಾರದು ಅಂತಲೂ ಹೋಗಿರಬಹುದು. ಹೋದ ಕಾರಣ ಏನೇ ಇರಲಿ, ಅಲ್ಲಿ ಕೂತಾಗ ಅವರ ಮುಂದೆ ರಾಜ್ಯದ ದಿವಾನ ನಿಂತು ಇಷ್ಟು ಕಂದಾಯ ಬಂತು, ಇಷ್ಟು ಖರ್ಚಾಯ್ತು, ಇಷ್ಟು ಸಾಲ ಇದೆ ಅಂತ ಒಪ್ಪಿಸಿದರು.

ಅಹವಾಲು ಹೇಳಿಕೊಳ್ಳೋದು ನಮ್ಮ ಕಡೆ ಹೊಸದಲ್ಲ. ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನ ಇದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯ ಆಗ್ತಿದೆ ಅಂತ ನಾಡಿನ ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ದೂರು ಒಯ್ದರು. ರಾಜ ಎರಡೂ ಕಡೆಯವರನ್ನ ಕೂರಿಸಿ, ಎರಡು ದರ್ಶನಕ್ಕೂ ಭೇದ ಇಲ್ಲ ಅಂತ ತೀರ್ಮಾನ ಕೊಟ್ಟ. ತೀರ್ಮಾನದ ಜೊತೆಗೆ ಏರ್ಪಾಡೂ ಇತ್ತು: ಮನೆಗೆ ವರ್ಷಕ್ಕೆ ಒಂದು ಹಣ ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲಿನವರನ್ನ ಇಡಬೇಕು, ಮಿಕ್ಕ ದುಡ್ಡಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಇದನ್ನ ನೋಡಿದಾಗೆಲ್ಲ ನನಗೆ ಬೆರಗು. ಆದರೆ 1881ರಲ್ಲಿ ಆಗಿದ್ದು ಬೇರೆಯದು. ಬುಕ್ಕರಾಯನ ಕಾಲದಲ್ಲಿ ಪ್ರಜೆ ತನ್ನ ಕಷ್ಟ ಹೇಳ್ತಿದ್ದ, ರಾಜ ಕೇಳ್ತಿದ್ದ. ಈಗ ಸರ್ಕಾರ ತನ್ನ ಲೆಕ್ಕ ಹೇಳ್ತಿತ್ತು, ಪ್ರಜೆ ಕೇಳ್ತಿದ್ದ.

ಹಾಗಂತ ಇದನ್ನ ಸುವರ್ಣಯುಗ ಅಂತ ಕರೆಯೋ ಹಾಗಿಲ್ಲ. ಆ 144 ಜನರಲ್ಲಿ ಕೂಲಿಯವರು ಇರಲಿಲ್ಲ, ಹೆಂಗಸರು ಇರಲಿಲ್ಲ. ಹೊಲ ಉತ್ತವರಲ್ಲ, ಹೊಲ ಇದ್ದವರು ಹೋದದ್ದು. 1891ರಲ್ಲಿ ಸದಸ್ಯರನ್ನ ಚುನಾಯಿಸೋ ಪದ್ಧತಿ ಬಂದಾಗಲೂ ಆಸ್ತಿ, ಕಂದಾಯ, ಓದು ನೋಡಿಯೇ ಓಟು. ಸರ್ಕಾರಿ ನೌಕರಿಯೆಲ್ಲ ಒಂದೇ ಜಾತಿಯ ಕೈಲಿದೆ ಅನ್ನೋ ಮಾತು ಜೋರಾಗಿ, 1918ರಲ್ಲಿ ಮಿಲ್ಲರ್ ಸಮಿತಿ ನೇಮಕ ಆಗೋವರೆಗೆ ದಶಕಗಳೇ ಬೇಕಾದವು. ಆದರೆ ಅದೇ ಕಾಲದ ಯುರೋಪನ್ನೂ ಪಕ್ಕದಲ್ಲಿಟ್ಟು ನೋಡಿ. ನಾವು ಯಾವ ಇಂಗ್ಲೆಂಡಿಂದ ಸಭೆ, ಕೌನ್ಸಿಲ್, ಮುನಿಸಿಪಾಲಿಟಿ ಅನ್ನೋ ಕಲ್ಪನೆ ತಂದುಕೊಂಡೆವೋ, ಆ ಇಂಗ್ಲೆಂಡಿನ ಹಳ್ಳಿಯ ಕೂಲಿಗಾರರಿಗೆ ಓಟು ಸಿಕ್ಕಿದ್ದು 1884ರ ಕಾನೂನಿನಲ್ಲಿ, ಅದೂ ಎಲ್ಲರಿಗೂ ಅಲ್ಲ. 1923ರ ಕಾಯ್ದೆ ಬಂದಾಗ ನಮ್ಮ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬಲ ಬಂತು, ಹೊಸ ತೆರಿಗೆ ಹಾಕೋ ಮುಂಚೆ ಅದನ್ನ ಕೇಳಬೇಕು ಅಂತಾಯ್ತು. ಹೆಣ್ಣು ಅನ್ನೋ ಒಂದೇ ಕಾರಣಕ್ಕೆ ಓಟಿಲ್ಲ ಅನ್ನೋ ನಿಯಮವೂ ಹೋಯ್ತು. ಆಸ್ತಿ ಇರೋ ಹೆಂಗಸರಿಗೆ ಮಾತ್ರ ಅದರಿಂದ ಉಪಯೋಗ ಆಗಿದ್ದು, ನಿಜ. ಆದರೆ ಫ್ರಾನ್ಸಿನ ಹೆಣ್ಣುಮಕ್ಕಳು ಮೊದಲ ಓಟು ಹಾಕಿದ್ದು 1945ರಲ್ಲಿ. ಸ್ವಿಟ್ಜರ್ಲೆಂಡಿನಲ್ಲಿ ರಾಷ್ಟ್ರಮಟ್ಟದ ಓಟು ಸಿಕ್ಕಿದ್ದು 1971ರಲ್ಲಿ.

ರಂಗಾಚಾರ್ಲು ಇದೆಲ್ಲ ನೋಡೋಕೆ ಇರಲಿಲ್ಲ. ಎರಡು ಸಭೆ ನಡೆಸಿ 1883ರ ಜನವರಿಯಲ್ಲಿ ತೀರಿಕೊಂಡರು. ಸಭೆ ಮಾತ್ರ ನಿಲ್ಲಲಿಲ್ಲ. 1949ರವರೆಗೆ, 68 ವರ್ಷ ನಡೆಯಿತು.

ಇಲ್ಲಿ ನನ್ನ ಜರ್ಮನಿಯ ಸ್ನೇಹಿತನ ತಂಗಿಯ ಚಾರ್ಟ್‌ಗೆ ವಾಪಸ್ ಬರ್ತೀನಿ. ಅದನ್ನ ಅವನು ಆಮೇಲೆ ಫೋಟೋ ತೆಗೆದು ಕಳಿಸಿದ. ಯುರೋಪಿಯನ್ ಒಕ್ಕೂಟದಲ್ಲಿ ಕಮಿಷನ್ ಅಂತ ಒಂದಿದೆ, ಕಾನೂನಿನ ಕರಡು ಮುಂದಿಡೋದು ಅದು. ಜನ ಆರಿಸಿದ ಪಾರ್ಲಿಮೆಂಟ್ ಒಂದು ಕಡೆ, ದೇಶಗಳ ಮಂತ್ರಿಗಳು ಕೂರೋ ಕೌನ್ಸಿಲ್ ಇನ್ನೊಂದು ಕಡೆ. ಇಬ್ಬರೂ ಒಪ್ಪಿದರೆ ಬಹುಪಾಲು ಕಾನೂನು ಪಾಸು. ಆದರೆ ಈ ಪಾರ್ಲಿಮೆಂಟ್ ಹುಟ್ಟಿದಾಗ ಹೀಗಿರಲಿಲ್ಲ. 1952ರಲ್ಲಿ ಕಲ್ಲಿದ್ದಲು-ಉಕ್ಕು ಸಮುದಾಯದ ಸಭೆಯಾಗಿ ಶುರುವಾದಾಗ ಇದ್ದದ್ದು 78 ಜನ. ಜನ ಆರಿಸಿದವರಲ್ಲ, ಆಯಾ ದೇಶದ ಸಂಸತ್ತುಗಳು ಕಳಿಸಿದವರು. ಕಾನೂನು ಮಾಡೋ ಅಧಿಕಾರ ಇಲ್ಲ, ವರದಿ ಕೇಳಿ ಚರ್ಚೆ ಮಾಡಬಹುದು. ಇದನ್ನ ಓದಿದಾಗ ನನಗೆ ಮೈಸೂರಿನ 144 ಜನ ನೆನಪಾದರು.

ಜನ ನೇರವಾಗಿ ಆ ಪಾರ್ಲಿಮೆಂಟಿಗೆ ಓಟು ಹಾಕಿದ್ದು 1979ರಲ್ಲಿ. ಆಗ ಮತದಾನ ಸುಮಾರು ಶೇ 62. ಆಮೇಲೆ ಒಂದೊಂದೇ ಒಪ್ಪಂದದಲ್ಲಿ ಅದಕ್ಕೆ ಅಧಿಕಾರ ಹೆಚ್ಚುತ್ತಾ ಹೋಯ್ತು. ಮತದಾನ ಇಳೀತಾ ಹೋಯ್ತು. 2014ರ ಹೊತ್ತಿಗೆ ಶೇ 43ರ ಆಸುಪಾಸು. 2019ರಲ್ಲಿ ಯುವಕರು ಜಾಸ್ತಿ ಬಂದು ಅದು ಮತ್ತೆ ಶೇ 50 ದಾಟಿತು. ಶಾಲೆಯಲ್ಲಿ ಚಾರ್ಟ್ ಬರೆಸೋದು, ಹದಿನಾರಕ್ಕೇ ಓಟು ಕೊಡೋದು, ಇದೆಲ್ಲ ಸುಮ್ಮನೆ ಬಂದದ್ದಲ್ಲ. ಕುರ್ಚಿ ಹಾಕಿಟ್ಟರೂ ಜನ ಬಂದು ಕೂರ್ತಿಲ್ಲ ಅನ್ನೋ ಭಯ ಅವರಿಗೂ ಇದೆ.

ನಮ್ಮಲ್ಲಿ ಕುರ್ಚಿ ಹಾಕಿದ ಕಥೆ ಹೇಳ್ತೀನಿ. ಸ್ವಾತಂತ್ರ್ಯ ಬಂದ ಮೇಲೆ ಪಂಚಾಯ್ತಿ ಕಾಯ್ದೆಗಳು ಬಂದವು, ಹೋದವು. ನಮ್ಮ ಹಳ್ಳಿಗಳಿಗೆ ನಿಜವಾಗಿ ಬಿಸಿ ಮುಟ್ಟಿದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. ಅವರ ಕಾಯ್ದೆ ಜಿಲ್ಲೆಗೆ ಜಿಲ್ಲಾ ಪರಿಷತ್ತು, ಹಳ್ಳಿಗಳ ಗುಂಪಿಗೆ ಮಂಡಲ ಪಂಚಾಯ್ತಿ ತಂದಿತು. ನಾಲ್ಕನೇ ಒಂದು ಭಾಗ ಸೀಟು ಹೆಂಗಸರಿಗೆ ಮೀಸಲಾಯ್ತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಇದರಲ್ಲಿ ನಮ್ಮ ವಯಸ್ಸಿನವರು ಗಮನಿಸದ ಒಂದು ವಿಷಯ ಇದೆ. ಆಗ ವಿಧಾನಸಭೆ, ಲೋಕಸಭೆಗೆ ಓಟು ಹಾಕೋಕೆ 21 ವರ್ಷ ಆಗಿರಬೇಕಿತ್ತು. ಸಂವಿಧಾನಕ್ಕೆ 61ನೇ ತಿದ್ದುಪಡಿ ತಂದು ಅದನ್ನ 18ಕ್ಕೆ ಇಳಿಸಿದ್ದು 1989ರಲ್ಲಿ. ಆದರೆ ಕರ್ನಾಟಕದ ಮಂಡಲ ಪಂಚಾಯ್ತಿಗೆ 1987ರಲ್ಲೇ 18 ತುಂಬಿದವರು ಓಟು ಹಾಕಿದ್ದರು. ಡೆಲ್ಲಿಯಿಂದ ಹಳ್ಳಿಗೆ ಬಂದ ಹಕ್ಕಲ್ಲ ಇದು, ಹಳ್ಳಿಯಲ್ಲಿ ಮೊದಲು ಬಂದು ಆಮೇಲೆ ಪಾರ್ಲಿಮೆಂಟಿಗೆ ಹೋದ ಹಕ್ಕು. ನಮ್ಮ ಚಿಕ್ಕಪ್ಪನನ್ನ ಕೇಳಿದೆ.

"ನಂಗಾಗ ಹತ್ತೊಂಬತ್ತು ಕಣ್ಲಾ" ಅಂದರು. "ಎಮ್ಮೆಲ್ಲೆಗೆ ಹಾಕಂಗಿರ್ಲಿಲ್ಲ, ಎಂಪಿಗೆ ಹಾಕಂಗಿರ್ಲಿಲ್ಲ. ಮಂಡ್ಲಕ್ಕೆ ಮಾತ್ರ ಹಾಕ್ದೆ. ನಿಮ್ ತಾತ ಒಂದ್ ಕಡೆ, ನಾನೊಂದ್ ಕಡೆ. ಒಂದ್ ವಾರ ಮನೇಲಿ ಮಾತೇ ಇರ್ಲಿಲ್ಲ."

ಆ ವ್ಯವಸ್ಥೆ ಐದು ವರ್ಷ ನಡೆದು, ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳ ಕೈಗೆ ಹೋಯ್ತು. ಹಾಗೆ ಆಗಬಾರದು ಅಂತಲೇ ಸಂವಿಧಾನದ 73ನೇ ತಿದ್ದುಪಡಿ ಹಳ್ಳಿಗಳಿಗೆ, 74ನೇ ತಿದ್ದುಪಡಿ ನಗರಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಕಡ್ಡಾಯ ಮಾಡಿದ್ದು. 1993ರಲ್ಲಿ ನಮ್ಮ ರಾಜ್ಯದ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. ಈಗ ಗ್ರಾಮ ಪಂಚಾಯ್ತಿಯಲ್ಲಿ ಅರ್ಧ ಸೀಟು ಹೆಂಗಸರದ್ದು. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರೋ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರು. ಯಾರೂ ಆರಿಸಿ ಕಳಿಸಬೇಕಾಗಿಲ್ಲ, ಗಾಡಿ ಕಟ್ಟಬೇಕಾಗಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಸಭೆ ಕರೀಬೇಕು. ಯಾರಿಗೆ ಮನೆ, ಯಾವ ಕೆಲಸ ಮೊದಲು ಅನ್ನೋ ಪಟ್ಟಿ ಅಲ್ಲೇ ಆಗಬೇಕು. ಮೈಸೂರಿಗೆ ಹೋದ ರೈತನಿಗೆ ಇದರಲ್ಲಿ ಕಾಲು ಭಾಗ ಅಧಿಕಾರವೂ ಇರಲಿಲ್ಲ.

ಮತದಾರನಾಗಿ ಹನ್ನೆರಡು ವರ್ಷ ನಾನು ಆ ಸಭೆಯ ಸದಸ್ಯ. ಒಂದಕ್ಕೂ ಹೋಗಿರಲಿಲ್ಲ.

ಮೊದಲ ಸಲ ಹೋದದ್ದು 2022ರ ಆಗಸ್ಟ್ ಕೊನೆಯಲ್ಲಿ. ಕೊರೊನಾ ನಂತರವೂ ವರ್ಕ್ ಫ್ರಮ್ ಹೋಮ್ ನಡೀತಿತ್ತು, ಊರಲ್ಲೇ ಇದ್ದೆ. ಹೋಗಿದ್ದು ಗ್ರಾಮ ಸಭೆಗೂ ಅಲ್ಲ, ಜಮಾಬಂದಿಗೆ. ಪಂಚಾಯ್ತಿಯ ಹಿಂದಿನ ವರ್ಷದ ಲೆಕ್ಕವನ್ನ ಊರವರ ಮುಂದೆ ಓದಿ, ಕಡತ ತೆರೆದಿಟ್ಟು, ಮಾಡಿದ ಕೆಲಸ ತೋರಿಸೋ ಸಭೆ ಇದು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯುತ್ತೆ. ಚಿಕ್ಕಪ್ಪ ಬಲವಂತವಾಗಿ ಎಳಕೊಂಡು ಹೋದರು. "ಇಂಜಿನಿಯರು ಕಣಪ್ಪ, ಲೆಕ್ಕ ಓದೋಕ್ ಬತ್ತದೆ" ಅಂತ ಅಲ್ಲಿದ್ದವರಿಗೆಲ್ಲ ಹೇಳಿಬಿಟ್ಟರು.

ಹಾಳೆ ಕೈಗೆ ಬಂತು. ಆರಂಭಿಕ ಶಿಲ್ಕು, ಜಮಾ, ಖರ್ಚು, ಅಂತಿಮ ಶಿಲ್ಕು. ಬೇಡಿಕೆ, ವಸೂಲಿ, ಬಾಕಿ. ದಿನಾ ಡ್ಯಾಶ್‌ಬೋರ್ಡ್ ಮಾಡೋ ನನಗೆ 'ಶಿಲ್ಕು' ಅಂದ್ರೆ ಕೈಯಲ್ಲಿ ಉಳಿದ ದುಡ್ಡು ಅಂತ ಪಕ್ಕದಲ್ಲಿ ಕೂತಿದ್ದ ಸ್ವಸಹಾಯ ಸಂಘದ ಅಕ್ಕ ಒಬ್ಬರು ಹೇಳಿಕೊಡಬೇಕಾಯ್ತು. ಅವರು ಓದಿರೋದು ಏಳನೇ ಕ್ಲಾಸು. ಆಮೇಲೆ ಅವರೇ ಎದ್ದು ನಿಂತು ಕೇಳಿದರು: "ಸಾರ್, ಬೀದಿ ದೀಪಕ್ಕೆ ಅಂತ ಇಷ್ಟು ಬರ್ದಿದ್ದೀರಲ್ಲ, ಎಷ್ಟು ಬಲ್ಬು, ಯಾವ್ ಯಾವ್ ಕಂಬ?" ಅಧಿಕಾರಿ ಸಿಟ್ಟಾಗಲಿಲ್ಲ. ಫೈಲು ತರಿಸಿ, ವೋಚರು ತೆಗೆದು ಓದಿದರು. ಪ್ರಶ್ನೆ, ಉತ್ತರ ಎರಡೂ ನಡಾವಳಿ ಪುಸ್ತಕಕ್ಕೆ ಹೋಯ್ತು. ಎಲ್ಲ ಸೇರಿ ಹತ್ತು ನಿಮಿಷ. ದೊಡ್ಡ ಹಗರಣ ಏನೂ ಬಯಲಾಗಲಿಲ್ಲ, ಲೆಕ್ಕ ಸರಿಯಾಗೇ ಇತ್ತು. ಆದರೆ ಮುಂದಿನ ವರ್ಷ ಬಲ್ಬಿನ ಲೆಕ್ಕ ಬರೆಯೋರಿಗೆ ಆ ಅಕ್ಕ ನೆನಪಿರ್ತಾರೆ. ಕೇಳೋರು ಇದ್ದಾರೆ ಅನ್ನೋದೇ ಅರ್ಧ ಕಾವಲು. 1881ರಲ್ಲಿ ಮೈಸೂರಲ್ಲಿ ಕೂತ 144 ಜನ ಮಾಡಿದ್ದೂ ಅಷ್ಟೇ ಅಲ್ವಾ?

ಅದೇ ವರ್ಷ ಮಕ್ಕಳ ಗ್ರಾಮ ಸಭೆಯೂ ನಡೆಯಿತು. ಇದರ ಬೇರು ಕುಂದಾಪುರದ ಕಡೆ ಇದೆ. 1990ರ ದಶಕದಲ್ಲಿ ಅಲ್ಲಿನ ಕೆರಾಡಿ ಮುಂತಾದ ಪಂಚಾಯ್ತಿಗಳಲ್ಲಿ ದುಡಿಯೋ ಮಕ್ಕಳು, ಶಾಲೆ ಮಕ್ಕಳು ಸೇರಿ ಮಕ್ಕಳ ಪಂಚಾಯ್ತಿ ಮಾಡಿಕೊಂಡರು. ಮಳೆಗಾಲದಲ್ಲಿ ಹಳ್ಳ ದಾಟೋಕೆ ಕಾಲುಸಂಕ ಬೇಕು ಅಂತ ದೊಡ್ಡವರ ಪಂಚಾಯ್ತಿಯನ್ನ ಕೇಳಿದರು. 2006ರಲ್ಲಿ ರಾಜ್ಯದ ಎಲ್ಲ ಗ್ರಾಮ ಪಂಚಾಯ್ತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು ಅಂತ ಸರ್ಕಾರದ ಆದೇಶ ಆಯ್ತು. ನಮ್ಮೂರಲ್ಲಿ ನಮ್ಮಕ್ಕನ ಮಗಳು, ಆಗ ಎಂಟನೇ ಕ್ಲಾಸು, ಕೈ ನಡುಗಿಸ್ತಾ ಚೀಟಿ ನೋಡ್ಕೊಂಡು ಓದಿದಳು: ಬಸ್‌ಸ್ಟಾಪಿಂದ ಊರಿಗೆ ಬರೋ ದಾರಿಯಲ್ಲಿ ಎರಡು ಕಂಬಕ್ಕೆ ದೀಪ ಇಲ್ಲ. ತಿಂಗಳೊಳಗೆ ದೀಪ ಬಂತು. ಅವಳೇನೂ ಕುಣಿದಾಡಲಿಲ್ಲ. ಕೇಳಿದರೆ ಬರುತ್ತೆ ಅನ್ನೋದು ಅವಳ ಪಾಲಿಗೆ ಸಹಜ ಆಗಿಹೋಗಿದೆ. ಅವಳು ಒಂದು ದಿನ ಕೇಳಿದಳು, "ಮಾವ, ಬೆಂಗ್ಳೂರಲ್ಲಿ ದೀಪ ಹೋದ್ರೆ ನೀವು ಯಾರ್ನ ಕೇಳ್ತೀರ?" ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕ್ತೀವಿ ಅಂದೆ. "ಹಾಕಿದ್ಮೇಲೆ?" ಅಂದಳು.

ಅವಳ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ಖಾಲಿ ಕುರ್ಚಿಗಳೇ ಕಾಣ್ತವೆ. ಬೆಂಗಳೂರಲ್ಲಿ ವಾರ್ಡ್ ಸಮಿತಿ ಸಭೆ ತಿಂಗಳ ಮೊದಲ ಶನಿವಾರ ನಡೀಬೇಕು ಅಂತ ಒಂದು ಪದ್ಧತಿ ಶುರುವಾಗಿತ್ತು, ಬಹಳ ವರ್ಷದ ಕೋರ್ಟು-ಕಚೇರಿ ಓಡಾಟದ ನಂತರ. ಕೌನ್ಸಿಲರುಗಳ ಅವಧಿಯೇ ಮುಗಿದ ಮೇಲೆ ಅದಕ್ಕೆ ತಲೆಯೇ ಇಲ್ಲದಂತಾಯ್ತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಚುನಾವಣೆ ಬರಬೇಕಾಗಿದೆ. ಇದು ಊರಿನ ಕಥೆಯೂ ಹೌದು. ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಅಲ್ಲಿಂದ ಅಧಿಕಾರಿಗಳದ್ದೇ ಆಡಳಿತ.

ಈ ಕೆಳಗಿನ ಮೆಟ್ಟಿಲು ಎಷ್ಟು ಮುಖ್ಯ ಅನ್ನೋಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಪಕ್ಷ, ರಾಜಕೀಯ ಪಕ್ಕಕ್ಕಿಟ್ಟು ನೋಡಿ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಡಿಪ್ಲೊಮಾ ಇಂಜಿನಿಯರ್ ಒಬ್ಬರು ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾದರು, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾದರು, 1962ರಲ್ಲಿ ಪಕ್ಷೇತರ ಶಾಸಕರಾದರು. 1996ರ ಜೂನ್ 1ರಂದು ದೇಶದ ಪ್ರಧಾನಿಯಾಗಿ ಪ್ರಮಾಣ ವಚನ ತಗೊಂಡರು. ಎಚ್.ಡಿ. ದೇವೇಗೌಡರು ಹತ್ತಿದ ಆ ತಾಲ್ಲೂಕು ಮಟ್ಟದ ಮೆಟ್ಟಿಲು ಇವತ್ತಿನ ಇಪ್ಪತ್ತೈದರ ಹುಡುಗ ಹುಡುಗಿಗೆ ಎಲ್ಲಿದೆ? ಎಷ್ಟೋ ವರ್ಷದಿಂದ ಅಲ್ಲಿಗೆ ನಾಮಪತ್ರವನ್ನೇ ಯಾರೂ ಕರೆದಿಲ್ಲ. ಅದಕ್ಕೆ ಬೀದಿಯಲ್ಲಿ ಗಲಾಟೆಯೂ ಆಗಲಿಲ್ಲ. ಯಾಕಂದ್ರೆ ಕುರ್ಚಿ ಖಾಲಿ ಇದೆ ಅಂತ ನನ್ನಂಥ ಬಹಳ ಜನರಿಗೆ ಗೊತ್ತೇ ಇರಲಿಲ್ಲ.

ಅಧಿಕಾರವೇ ಇಲ್ಲದ ಸಭೆಗೆ ನಮ್ಮ ಹಿರೀಕರು ರಾಗಿ ಹೊಲ ಬಿಟ್ಟು, ಗಾಡಿ ಕಟ್ಟಿಕೊಂಡು ಹೋದರು. ಕೇಳ್ತಾ ಕೇಳ್ತಾ ಅದಕ್ಕೆ ಅಧಿಕಾರ ಬಂತು. ನಮಗೆ ಅಧಿಕಾರ ಇರೋ ಸಭೆಗಳು ಇವೆ, ಹೋಗೋರಿಲ್ಲ, ಹೀಗಾಗಿ ಅವು ಒಂದೊಂದೇ ಸದ್ದಿಲ್ಲದೆ ಖಾಲಿ ಆಗ್ತಿವೆ. ಸಂಸ್ಥೆಗಳು ಹೇಗೆ ಕೆಲಸ ಮಾಡ್ತವೆ ಅಂತ ಚಾರ್ಟ್ ನೋಡಿ ಕಲೀಬಹುದು, ಒಳ್ಳೇದೇ. ಆದರೆ ಶಿಲ್ಕು ಅಂದ್ರೇನು ಅಂತ ನನಗೆ ಗೊತ್ತಾದದ್ದು ಅಲ್ಲಿ ಹೋಗಿ ಕೂತಾಗ.

ಹಾಗಾಗಿ ಕೊನೆಗೂ ಒಂದು ಕೆಲಸ ಮಾಡಿದೆ. ನಾನಿರೋ ಜಾಗಕ್ಕೆ ಓಟು ತರೋಕೆ ನಮೂನೆ 8 ತುಂಬಿದೆ. ಆನ್‌ಲೈನಲ್ಲಿ ಹತ್ತು ನಿಮಿಷದ ಕೆಲಸ. ಹದಿನಾಲ್ಕು ವರ್ಷ ಬೇಕಾಯ್ತು. ಬಟನ್ ಒತ್ತೋ ಮುಂಚೆ ಕೈ ತಡೀತು ಅನ್ನೋದನ್ನ ಮುಚ್ಚಿಡಲ್ಲ. ಇನ್ನು ಮೇಲೆ ನಮ್ಮೂರ ಗ್ರಾಮ ಸಭೆಗೆ ನಾನು ಸದಸ್ಯ ಅಲ್ಲ. ತಾತ, ಅಪ್ಪ, ಚಿಕ್ಕಪ್ಪ ಇರೋ ಪಟ್ಟಿಯಿಂದ ನನ್ನ ಹೆಸರು ಹೋಗುತ್ತೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

"ಊರಿಂದ ಹೆಸ್ರು ತೆಗ್ಸ್ತೀಯೇನ್ಲಾ?" ಅಂದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದೆ ಟಿವಿ ಸದ್ದು ಕೇಳ್ತಿತ್ತು. ಆಮೇಲೆ ಅಂದರು, "ಆಯ್ತು. ಅಲ್ಲಾದ್ರೂ ಹೋಗಿ ಕೂತ್ಕೋ. ಬರೀ ಹೆಸ್ರು ಎತ್ಕೊಂಡ್ ಹೋಗ್ಬೇಡ."

ಪಟ್ಟಿಯಲ್ಲಿ ಹೆಸರು ಬಂದಿದೆ. ನನ್ನ ಮತಗಟ್ಟೆ ಮನೆಯಿಂದ ಎರಡು ಬೀದಿ ಆಚೆಯ ಒಂದು ಸರ್ಕಾರಿ ಶಾಲೆ. ದಿನಾ ಅದರ ಮುಂದೆಯೇ ಆಫೀಸಿಗೆ ಹೋಗ್ತಿದ್ದೆ. ಹೋದ ಭಾನುವಾರ ಗೇಟಿನ ತನಕ ನಡೆದು ನೋಡಿ ಬಂದೆ.